ಅಪ್‌ಡೇಟ್: ಬುದ್ಧಿಹಲ್ಲು ಕೀಳಿಸಿದೆ

ಹೋದ ತಿಂಗಳು ಕೇಳಿದ್ದೆ: ವಯಸ್ಸು 22, ಕೆಳಗಿನ ಬುದ್ಧಿಹಲ್ಲಿನ ಸುತ್ತ ವಸಡು ಪದೇ ಪದೇ ಊದುತ್ತದೆ, ಕೀಳಿಸಲೇಬೇಕಾ ಅಂತ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಶಿರಸಿ ಪೇಟೆಗೆ ಹೋಗಿ ತೋರಿಸಿದೆ. ಎಕ್ಸ್‌ರೇಯಲ್ಲಿ ನೋಡಿದರೆ ಹಲ್ಲು ಅಡ್ಡ ಮಲಗಿ ಮುಂದಿನ ದವಡೆಹಲ್ಲಿಗೆ ಒತ್ತಿಕೊಂಡಿತ್ತು. ಅರ್ಧ ಮುಚ್ಚಿದ ವಸಡಿನ ಕೆಳಗೆ ಅವಲಕ್ಕಿ ಚೂರು ಸಿಕ್ಕಿತ್ತು. ಅಲ್ಲಿಗೆ ಬ್ರಷ್ ಮುಟ್ಟುವುದೇ ಇಲ್ಲ ಅಲ್ವಾ? ಬೇಜಾರಾಗಿದ್ದು ಅಂದ್ರೆ, ಆ ಮುಂದಿನ ಒಳ್ಳೇ ಹಲ್ಲಿನ ಹಿಂಬದಿಯೂ ಹುಳುಕಾಗಿತ್ತು. ನೋವೇ ಇರಲಿಲ್ಲ! ಸುಮ್ನೆ ಮಾತ್ರೆ ನುಂಗುತ್ತಾ ಎರಡು ವರ್ಷ ಕಳೆಯಬಾರದಿತ್ತು.

ಮೊದಲು ಸೋಂಕು ಇಳಿಸಿ, ಆಮೇಲೆ ಕಿತ್ತರು. ಮೂರು ದಿನ ಆಯಿ ಮಾಡಿಕೊಟ್ಟ ತಣ್ಣಗಿನ ಗಂಜಿ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ಈಗ ಬಾಯಿ ಪೂರ್ತಿ ತೆರೆಯುತ್ತದೆ. ಹುಳುಕಾದ ಹಲ್ಲು ತುಂಬಿಸಿದ್ದೂ ಆಯ್ತು. ಎಡಗಡೆಯದೂ ಹಾಗೇ ಮಲಗಿದೆಯಂತೆ, ಮುಂದಿನ ತಿಂಗಳು ಅದು.