ಈ ವಾರದ ಸಮಸ್ಯೆ: ಕೆನೆಯೊಲ್ಲದ ಬೆಕ್ಕು

ಪದ್ಯಪ್ರಿಯರೆ, ಈ ಸಲ ಆರು ಪಾದಗಳ ಭಾಮಿನಿ ಷಟ್ಪದಿ. ಕೊನೆಯ ಪಾದ ನನ್ನದು, ಮೇಲಿನ ಐದನ್ನು ತುಂಬುವ ಪೂರಣ ನಿಮ್ಮದು. ಪ್ರತಿ ಪಾದದ ಎರಡನೆಯ ಅಕ್ಷರ ನಕಾರವೇ ಆಗುವ ಪ್ರಾಸ ತಪ್ಪಬಾರದು.

ಕೆನೆಯ ಬಟ್ಟಲ ಕಂಡು ಬೆಕ್ಕದು ಮುನಿದು ತೆರಳಿತಲಾ

ಕೆನೆ ಹುಳಿಯಾಗಿತ್ತು, ನಾಯಿ ಬಂತು ಎಂಬ ಸುಲಭದ ದಾರಿ ಬೇಡ. ಕೆನೆ ಚೆನ್ನಾಗಿಯೇ ಇತ್ತು, ಬೆಕ್ಕಿಗೆ ಹಸಿವೂ ಇತ್ತು. ಮತ್ತೇಕೆ ಮುನಿಸು?

ಪೂರಣ 1

ಓದಿದ ಕೂಡಲೇ ಇಂಗ್ಲಿಷ್ ಕವಿ ಟಿ. ಎಸ್. ಎಲಿಯಟ್ಟರ ಹಟಮಾರಿ ಬೆಕ್ಕು ರಂ ಟಂ ಟಗ್ಗರ್ ಕಣ್ಣೆದುರು ಬಂದ. 1939ರಲ್ಲಿ ಅಚ್ಚಾದ ಬೆಕ್ಕಿನ ಪದ್ಯಗಳಲ್ಲಿ ನನಗೆ ಅತಿ ಪ್ರಿಯನಾದವನು ಇವನೇ. ಕೆನೆ ಮುಂದಿಟ್ಟರೆ ಮೂಸಿ ಮೂತಿ ತಿರುಗಿಸುತ್ತಾನೆ. ಉಗ್ರಾಣದ ಹಲಗೆಯ ಮೇಲೆ ಎತ್ತಿಟ್ಟಿರೋ, ಕಿವಿಯವರೆಗೂ ಅದರಲ್ಲೇ ಮುಳುಗಿರುತ್ತಾನೆ!

ಮನೆಯಲಿಟ್ಟರೆ ಬಯಲ ಬಯಸುವ
ಎನಿತು ಕೊಟ್ಟರು ಬೇರೆ ಬೇಡುವ
ತನಗೆ ತೋಚಿದುದನ್ನೆ ಮಾಡುವ ತುಂಟ ಮಾರ್ಜಾಲ |
ಜನರು ನೀಡಲು ಮೂಸಿ ಜರೆಯುತ
ಇನಿದು ಕದ್ದುದು ಮಾತ್ರವೆನ್ನುತ
ಕೆನೆಯ ಬಟ್ಟಲ ಕಂಡು ಬೆಕ್ಕದು ಮುನಿದು ತೆರಳಿತಲಾ ||

ಪೂರಣ 2

ಮೇಲಿನ ಪೂರಣ ಸೊಗಸಾಗಿದೆ. ನಾನು ಅದೇ ಟಗ್ಗರನನ್ನು ರಂಗದ ಮೇಲಿಂದ ಹಿಡಿದು ತಂದಿದ್ದೇನೆ. ಎಲಿಯಟ್ಟರ ಪದ್ಯದಲ್ಲಿ ಹೆಣ್ಣುಬೆಕ್ಕುಗಳ ಸುದ್ದಿಯೇ ಇಲ್ಲ, ಅವನ ತಂಟೆಯೆಲ್ಲ ಮನೆಮಂದಿಯ ಮೇಲೆ. ಮುದ್ದು ಮಾಡಹೋದರೆ ಒಲ್ಲ, ಹೊಲಿಗೆ ಹಿಡಿದು ಕೂತರೆ ಮಡಿಲಿಗೆ ಹಾರಿ ಎಲ್ಲ ಗೋಜಲು ಮಾಡುತ್ತಾನೆ. 1981ರಲ್ಲಿ ಲಂಡನ್ನಿನಲ್ಲಿ ಆ ಬೆಕ್ಕಿನ ಪದ್ಯಗಳನ್ನೇ ಹಾಡಾಗಿಸಿದ ಆಂಡ್ರ್ಯೂ ಲಾಯ್ಡ್ ವೆಬರ್ ಅವರ ಸಂಗೀತನಾಟಕ ‘ಕ್ಯಾಟ್ಸ್’ ರಂಗಕ್ಕೆ ಬಂದಾಗ ಆ ಮಾತುಗಳಿಗೆ ರಾಕ್ ಸಂಗೀತವೂ ಸೊಂಟದ ಕುಣಿತವೂ ಕೂಡಿ ಅವನು ಶೃಂಗಾರನಾಯಕನೇ ಆಗಿಬಿಟ್ಟ.

ಸನಿಹ ಬಂದಿಹ ಹೆಣ್ಣುಬೆಕ್ಕುಗ-
ಳನಿತ ನಾಚಿಸಿ ನಡುವ ಬಳುಕಿಸಿ
ಮಿನುಗು ಬೆಳಕಲಿ ಕಣ್ಣು ಮಿಟುಕಿಸಿ ಮೆರೆವ ಬೆಡಗಿನಲಿ |
ಜನರ ಚಪ್ಪಾಳೆಗಳೆ ಹಸಿವಿಗೆ
ತಿನಿಸು, ಹಾಲಿನ ಹಂಗನೊಲ್ಲದೆ
ಕೆನೆಯ ಬಟ್ಟಲ ಕಂಡು ಬೆಕ್ಕದು ಮುನಿದು ತೆರಳಿತಲಾ ||

ಸಮಸ್ಯೆ ಕೊಟ್ಟವರ ಮಾತು

ಇಬ್ಬರಿಗೂ ಭೇಷ್. ಎರಡನೆಯದರಲ್ಲಿ ‘ಚಪ್ಪಾ-ಳೆಗಳೆ’ ಎಂದು ಪದವು ಎರಡು ಗಣಗಳ (ಮಾತ್ರೆಗಳ ಗುಂಪುಗಳ) ನಡುವೆ ಒಡೆದು ಹಾರುವುದು ಕಿವಿಗೆ ಹಬ್ಬ. ಆದರೆ ಚಪ್ಪಾಳೆ ಗಿಟ್ಟಿಸಿದ ಬೆಕ್ಕು ಹಿಗ್ಗಬೇಕಲ್ಲ, ಮುನಿಯುವುದೇಕೆ? ಆ ಕೊಂಡಿ ಸಡಿಲವಾಯಿತು. ಮೊದಲನೆಯದರಲ್ಲಿ ಕೊಟ್ಟದ್ದೇ ತಪ್ಪು! ‘ಇನಿದು ಕದ್ದುದು ಮಾತ್ರ’ ಎಂಬಲ್ಲಿ ಸಮಸ್ಯೆಯ ಗಂಟು ತಾನಾಗಿ ಬಿಚ್ಚಿಕೊಂಡಿತು. ನನ್ನ ಒಲವು ಅದರ ಕಡೆಗೆ.

ಟಗ್ಗರ್ ಯಾವಾಗಲೂ ಬಾಗಿಲಿನ ಆಚೆ ಬದಿಯಲ್ಲೇ ಇರಬಯಸುವವನು. ಆದ್ದರಿಂದ ಮುಂದಿನ ಸಮಸ್ಯೆಯ ಪಾದ, ದಕಾರದ ಪ್ರಾಸದಲ್ಲಿ:

ಕದವ ತೆರೆದರೆ ಬೆಕ್ಕು ಹೊರಗೇ ನಿಂತು ಕೂಗಿತಲಾ