ಟ್ರಾನ್ಸ್‌ಫರ್ ಕೇಸ್ ಹಿಂದಿನ ಸೀಲ್ ಎರಡು ಸಲ ಹಾಕಿಸಿದರೂ ಆಯಿಲ್ ನಿಲ್ಲುತ್ತಿಲ್ಲ

ತೋಟದ ಜೀಪು, ಮೂಡಿಗೆರೆ:

ಎಲ್ಲರಿಗೂ ನಮಸ್ಕಾರ. ಅಪ್ಪ 1994ರಲ್ಲಿ ತೆಗೆದುಕೊಂಡ ಡೀಸೆಲ್ ಜೀಪು, ಫೋರ್ ವೀಲ್. ಹಿಂದೆ ಬಾಡಿ ಕಟ್ಟಿಸಿ ಲೋಡ್ ಗಾಡಿ ಮಾಡಿಕೊಂಡಿದ್ದೇವೆ. ಕೊಯ್ಲಿನಲ್ಲಿ ಕಾಫಿ ಹಣ್ಣು, ಮಳೆಗೆ ಮುಂಚೆ ಗೊಬ್ಬರ, ಎಲ್ಲ ಇದರಲ್ಲೇ.

ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಸೇರುವ ಜಾಗದಲ್ಲಿ ಆಯಿಲ್ ಸೋರುತ್ತಿದೆ. ಐದು ತಿಂಗಳಲ್ಲಿ ಎರಡು ಸಲ ಸೀಲ್ (ಆಯಿಲ್ ತಡೆಯುವ ರಬ್ಬರ್ ಬಳೆ) ಹಾಕಿಸಿದೆ. ಹದಿನೈದು ದಿನ ಒಣಗಿರುತ್ತೆ, ಆಮೇಲೆ ಮತ್ತೆ ಶುರು. ನಮ್ಮ ಗಾಡಿಯ ಹ್ಯಾಂಡ್‌ಬ್ರೇಕ್ ಡ್ರಮ್ ಇರುವುದೂ ಅಲ್ಲೇ. ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನರ್ ಪೂರ್ತಿ ನೆಂದಿದೆ. ಹೋದ ವಾರ ಹತ್ತು ಮೂಟೆ ಗೊಬ್ಬರ ತುಂಬಿ ಏರಿನಲ್ಲಿ ನಿಲ್ಲಿಸಿದ್ದೆ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಹಿಂದಕ್ಕೆ ಜಾರಿತು. ಮೂಟೆ ಇಳಿಸಲು ಇಬ್ಬರು ಹಿಂದೆ ನಿಂತಿದ್ದರು. ನಾನು ಕಾಲಲ್ಲಿ ಬ್ರೇಕ್ ಒತ್ತಿ ಹಿಡಿದೆ, ಅವರು ಚಕ್ರಕ್ಕೆ ಕಲ್ಲು ಕೊಟ್ಟರು. ಅವತ್ತಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ.

ಮುಂದಿನ ಎಡಗಡೆ ಚಕ್ರದ ಒಳಮೈ ಕೂಡ ಜಿಡ್ಡಾಗಿದೆ. 90 ನಂಬರ್ ಗೇರ್ ಆಯಿಲ್ ಬದಲು 140 ಹಾಕಿ, ದಪ್ಪ ಇದ್ದರೆ ಸೋರಲ್ಲ ಅಂತ ಒಬ್ಬರು ಹೇಳಿದರು. ಹಾಕಬಹುದಾ?

ಘಾಟಿ ದಾರಿ, ಸಕಲೇಶಪುರ:

140 ಬೇಡ ಸರ್. ಬೆಳಗಿನ ಚಳಿಗೆ ಗೇರ್ ಬೀಳುವುದೇ ಕಷ್ಟವಾಗುತ್ತೆ. ಬಿಸಿಯಾದ ಮೇಲೆ ಅದೂ ತೆಳ್ಳಗಾಗಿ ಅದೇ ದಾರಿಯಲ್ಲಿ ಬರುತ್ತೆ.

ಸೀಲ್ ಹದಿನೈದು ದಿನಕ್ಕೆ ಹೋಗುತ್ತಿದೆ ಅಂದರೆ ತಪ್ಪು ಸೀಲಿನದ್ದಲ್ಲ. ನಾನೂ ಇದೇ ಜಾಗಕ್ಕೆ ಮೂರು ಸೀಲ್ ಹಾಕಿಸಿದವನು. ಮೊದಲು ಬ್ರೀದರ್ ನೋಡಿ. ಓಡಿದಾಗ ಆಯಿಲ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತೆ. ಅದು ಹೊರಗೆ ಹೋಗಲು ಇರುವ ಸಣ್ಣ ತೂತು ಕೆಸರಿನಿಂದ ಮುಚ್ಚಿದ್ದರೆ ಒತ್ತಡವೆಲ್ಲ ಸೀಲಿನ ಮೇಲೆ. ನನ್ನ ಗಾಡಿಯಲ್ಲಿ ಕೆಸರು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಬಿಚ್ಚಿ ಡೀಸೆಲ್‌ನಲ್ಲಿ ನೆನೆಹಾಕಿ, ಬಾಯಲ್ಲಿ ಊದಿದರೆ ಗಾಳಿ ಹೋಗಬೇಕು.

ಆಮೇಲೆ ಎಲ್ಲ ತೊಳೆದು ಒಣಗಿಸಿ, ಮೈಗೆ ಹಾಕುವ ಪೌಡರ್ ಉದುರಿಸಿ ಐದು ಕಿಲೋಮೀಟರ್ ಓಡಿಸಿ. ಟಾರ್ಚ್ ಬಿಟ್ಟು ನೋಡಿ. ಆಯಿಲ್ ಎಲ್ಲಿಂದ ಹೊರಟಿತು ಅಂತ ಪೌಡರ್ ಮೇಲೆ ಗೆರೆ ಕಾಣುತ್ತೆ. ಮೇಲಿನ ಗೇರ್‌ಬಾಕ್ಸ್ ಕವರ್‌ನಿಂದ ಇಳಿದು ಬರುತ್ತಿದ್ದರೆ ಸುಮ್ನೆ ಸೀಲ್ ಬದಲಾಯಿಸಿ ಏನು ಪ್ರಯೋಜನ, ಅಲ್ವಾ?

ಶಾಫ್ಟ್ ಬಿಚ್ಚುವ ಮೊದಲು ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ. ಇದನ್ನು ದಯವಿಟ್ಟು ಮರೆಯಬೇಡಿ. ನಮ್ಮ ಥರದ ಗಾಡಿಯಲ್ಲಿ ಹಿಂದಿನ ಶಾಫ್ಟ್ ಬಿಚ್ಚಿದ ಕೂಡಲೇ ಹ್ಯಾಂಡ್‌ಬ್ರೇಕೂ ಇಲ್ಲ, ಗೇರಿನ ಹಿಡಿತವೂ ಇಲ್ಲ. ಗಾಡಿ ಹಾಗೇ ಉರುಳುತ್ತೆ.

ಬಿಚ್ಚಿದ ಮೇಲೆ ಯೋಕನ್ನು (ಶಾಫ್ಟ್ ಬಂದು ಸೇರುವ ಕವಲು ತುಂಡು) ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಡಿದರೆ ಬೇರಿಂಗ್ ಕೆಲಸ ಇದೆ, ಸೀಲ್ ಎಷ್ಟು ಹಾಕಿದರೂ ನಿಲ್ಲಲ್ಲ. ಆಡದಿದ್ದರೆ ಯೋಕ್ ಹೊರತೆಗೆದು, ಸೀಲ್ ತುಟಿ ಕೂರುವ ನುಣುಪು ಜಾಗದ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ. ಹೊಸ ಸೀಲ್ ಆ ಗೀರಿನಲ್ಲೇ ಕೂತು ಬೇಗ ಸವೆಯುತ್ತೆ. ಗೀರಿನ ಮೇಲೆ ಕೂರುವ ತೆಳು ಲೋಹದ ಬಳೆ, ಅಂದರೆ ಸ್ಲೀವ್ ಹಾಕಿಸಿ, ಇಲ್ಲ ಬೇರೆ ಯೋಕ್ ಹಾಕಿ. ಜೋಡಿಸುವಾಗ ಯೋಕಿನ ಒಳಗಿನ ಹಲ್ಲುಗಳಿಗೂ ನಟ್ಟಿನ ವಾಷರ್ ಅಡಿಗೂ ತೆಳ್ಳಗೆ ಸೀಲಂಟ್ ಸವರಿ. ಆಯಿಲ್ ಅಲ್ಲಿಂದಲೂ ನುಸುಳಿ ಬರುತ್ತೆ, ನೋಡುವವರಿಗೆ ಸೀಲ್ ಸೋರಿದ ಹಾಗೇ ಕಾಣುತ್ತೆ. ಸೀಲಿನ ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೆ. ತುಟಿಗೆ ಗ್ರೀಸ್ ಹಚ್ಚದೆ ಹಾಕಬೇಡಿ.

ನೆಂದ ಲೈನರ್ ಬದಲಾಯಿಸಿಬಿಡಿ. ಪೆಟ್ರೋಲಿನಲ್ಲಿ ತೊಳೆದರೆ ಎರಡು ದಿನ ಹಿಡಿಯುತ್ತೆ, ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತೆ.

ಕೆಂಪು ಮಣ್ಣು:

ಮುಂದಿನ ಚಕ್ರದ ಬಗ್ಗೆ ಒಂದು ಮಾತು. ಚಕ್ರ ಎಡಕ್ಕೆ ಬಲಕ್ಕೆ ಹೊರಳಲು ಅದರ ಒಳಬದಿಯಲ್ಲಿರುವ ಗುಂಡಿನ ಪ್ಲಗ್ ಬಿಚ್ಚಿ ಬೆರಳಿಗೆ ಹಚ್ಚಿ ನೋಡಿ. ಗ್ರೀಸ್ ಇರಬೇಕಾದ ಕಡೆ ನೀರಾಗಿ ಹರಿಯುತ್ತಿದ್ದರೆ, ಆಕ್ಸಲ್ ಒಳಗಿನ ಸೀಲ್ ಹೋಗಿ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಆಯಿಲ್ ಅಲ್ಲಿ ಸೇರಿಕೊಂಡಿದೆ. ಹೊರಗಿನ ಫೆಲ್ಟ್ ಸೀಲ್ ಬದಲಾಯಿಸಿದರೆ ಅದು ನಿಲ್ಲಲ್ಲ. ಮುಂದಿನ ಆಕ್ಸಲ್ ಹೌಸಿಂಗ್‌ಗೂ ಬ್ರೀದರ್ ಇದೆ, ಅದನ್ನೂ ನೋಡಿ. ಹಳ್ಳ ದಾಟುವ ಗಾಡಿಯಾದರೆ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಇದೆಯಾ ಅಂತಲೂ ನೋಡಿ. ಹಾಗಿದ್ದರೆ ನೀರು ಸೇರಿದೆ, ಪೂರ್ತಿ ಇಳಿಸಲೇಬೇಕು. ಇಳಿಸುವ ಮುಂಚೆ ಆಯಿಲ್ ತುಂಬುವ ಪ್ಲಗ್ ಬಿಚ್ಚಿಕೊಳ್ಳಿ. ಕೆಳಗಿನದ್ದು ಬಿಚ್ಚಿ ಎಲ್ಲ ಸುರಿದ ಮೇಲೆ ಮೇಲಿನದ್ದು ಬರದಿದ್ದರೆ ಗಾಡಿ ನಿಂತಲ್ಲೇ.

ತೋಟದ ಜೀಪು, ಮೂಡಿಗೆರೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಪೂರ್ತಿ ಗಾಡಿ ಅಡಿಯಲ್ಲೇ ಇದ್ದೆ. ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟೇ ಕೆಲಸ ಶುರು ಮಾಡಿದ್ದು.

ಬ್ರೀದರ್ ಮುಚ್ಚಿತ್ತು. ಊದಿದರೆ ಕೆನ್ನೆ ನೋಯಿತೇ ಹೊರತು ಗಾಳಿ ಹೋಗಲಿಲ್ಲ. ಯೋಕ್ ಅಲ್ಲಾಡಲಿಲ್ಲ, ಆದರೆ ಉಗುರು ಸಿಕ್ಕಿಕೊಂಡಿತು. ಸುತ್ತಲೂ ದಾರ ಕಟ್ಟಿ ಎಳೆದ ಹಾಗೆ ಗೀರು. ಎರಡು ಸಲ ಸೀಲ್ ಹಾಕುವಾಗಲೂ ಅದನ್ನು ಯಾರೂ ನೋಡಿಲ್ಲ ಅನ್ನುವುದೇ ನನಗೆ ಬೇಜಾರು. ಸ್ಲೀವ್ ಹಾಕಿಸಿ, ಹೊಸ ಸೀಲ್, ಹೊಸ ಲೈನರ್ ಹಾಕಿದೆ.

ಇವತ್ತಿಗೆ ಒಂಬತ್ತು ದಿನ. ರಾತ್ರಿ ಅಡಿಗೆ ರಟ್ಟು ಹಾಸುತ್ತಿದ್ದೇನೆ. ಹಿಂದೆ ಒಂದು ಹನಿಯೂ ಇಲ್ಲ. ಅದೇ ಏರಿನಲ್ಲಿ, ಅಷ್ಟೇ ಮೂಟೆ ತುಂಬಿ, ಹಿಂದೆ ಯಾರನ್ನೂ ನಿಲ್ಲಿಸದೆ ಹ್ಯಾಂಡ್‌ಬ್ರೇಕ್ ಎಳೆದು ನೋಡಿದೆ. ನಿಂತಿತು.

ಮುಂದಿನ ಗುಂಡಿನಲ್ಲಿ ಬೆರಳು ಹಾಕಿದರೆ ತೆಳ್ಳಗಿನ ಆಯಿಲೇ ಬಂತು. ಒಳಗಿನ ಸೀಲ್ ತರಿಸಿದ್ದೇನೆ. ಬಿಚ್ಚುವಾಗ ಕಿಂಗ್‌ಪಿನ್ (ಚಕ್ರ ಹೊರಳುವ ಪಿನ್) ಶಿಮ್‌ಗಳನ್ನು, ಅಂದರೆ ಅಂತರ ಸರಿಮಾಡುವ ತೆಳು ತಗಡುಗಳನ್ನು, ಮೇಲಿನದ್ದು, ಕೆಳಗಿನದ್ದು ಅಂತ ಬೇರೆ ಬೇರೆ ಇಟ್ಟುಕೊಳ್ಳಬೇಕಾ?

ಘಾಟಿ ದಾರಿ, ಸಕಲೇಶಪುರ:

ಇಟ್ಟುಕೊಳ್ಳಲೇಬೇಕು ಸರ್. ದಾರದಲ್ಲಿ ಪೋಣಿಸಿ ಚೀಟಿ ಕಟ್ಟಿ. ಲೆಕ್ಕ ತಪ್ಪಿದರೆ ಸ್ಟೇರಿಂಗ್ ಗಟ್ಟಿಯಾಗುತ್ತೆ, ಇಲ್ಲ ಚಕ್ರ ಆಡುತ್ತೆ.