ಮಗುಚಿದ ವಿಮಾನದ ಹಾರಾಟ: ತಲೆಕೆಳಗೋ, ಬೋರಲೋ, ಅಂಗಾತವೋ?

ಮಾನ್ಯರೆ,

ರೇಡಿಯೊ ನಿಯಂತ್ರಣದ ಕಸರತ್ತಿನ ಮಾದರಿ ವಿಮಾನವನ್ನು ವಿನ್ಯಾಸ ಮಾಡಿ ಕಟ್ಟುವ ಬಗೆಯನ್ನು ಕಾರವಾರದ ಕಾಲೇಜು ಹುಡುಗರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸರ್ವೊ, ಮೋಟಾರು, ಪ್ರೊಪೆಲರ್, ಬಾಲ್ಸಾ ಮುಂತಾದವನ್ನು ಅವರು ಆಡುವಂತೆಯೇ ಇಟ್ಟುಕೊಂಡಿದ್ದೇನೆ. ರಡ್ಡರಿಗೆ ನಮ್ಮ ದೋಣಿಗಾರರ ಚುಕ್ಕಾಣಿ ಸಲೀಸಾಗಿ ಒಪ್ಪಿದೆ. ತೊಡಕಾಗಿರುವುದು ಒಂದು ಕಡೆ. ವಿಮಾನವು ಬೆನ್ನು ಕೆಳಗಾಗಿ, ಹೊಟ್ಟೆ ಮೇಲಾಗಿ ಮುಂದಕ್ಕೆ ಹಾರುತ್ತಿರುವ ಸ್ಥಿತಿಗೆ ಏನೆನ್ನಬೇಕು?

ಸಾಮಾನ್ಯವಾಗಿ ನಾವೆಲ್ಲ ‘ತಲೆಕೆಳಗಾಗಿ ಹಾರಿತು’ ಎಂದೇ ಬರೆಯುತ್ತೇವೆ. ಓದುಗನಿಗೆ ಅದು ಸಾಕು, ಹಾರಿಸುವವನಿಗೆ ಸಾಲದು. ತಲೆ ಕೆಳಗೆ ಎಂದರೆ ಮೂಗು ನೆಲದತ್ತ ಎಂಬ ಅರ್ಥವೂ ಹೊರಡುತ್ತದೆ, ಕಸರತ್ತಿನಲ್ಲಿ ಅದು ಬೇರೆಯೇ ಸ್ಥಿತಿ. ಮೂಗು ಕೆಳಗಾಗಿ ಧುಮುಕುತ್ತಿರುವ ವಿಮಾನವನ್ನು ಎತ್ತಲು ಎಲಿವೇಟರಿನ (ಮೂಗನ್ನು ಏರಿಸಿ ಇಳಿಸುವ ಬಾಲದ ಪಟ್ಟಿ) ಕಡ್ಡಿಯನ್ನು, ಅಂದರೆ ಕೈಯಲ್ಲಿರುವ ರೇಡಿಯೊ ಪೆಟ್ಟಿಗೆಯ ಹಿಡಿಯನ್ನು, ನಮ್ಮತ್ತ ಎಳೆಯಬೇಕು. ಮಗುಚಿ ಹಾರುತ್ತಿರುವ ವಿಮಾನದಲ್ಲಿ ಹಾಗೆ ಎಳೆದರೆ ಅದು ನೇರ ನೆಲಕ್ಕೇ ನುಗ್ಗುತ್ತದೆ, ಅಲ್ಲಿ ಕಡ್ಡಿಯನ್ನು ತುಸು ಮುಂದಕ್ಕೆ ಒತ್ತಿ ಹಿಡಿಯಬೇಕು. ಎರಡಕ್ಕೂ ಒಂದೇ ಪದ ಬಳಸಿದ ಸೂಚನೆಯನ್ನು ನಂಬಿದ ಹುಡುಗ ವಾರಗಟ್ಟಲೆ ಕಟ್ಟಿದ ವಿಮಾನವನ್ನು ಒಂದು ಕ್ಷಣದಲ್ಲಿ ಕಳೆದುಕೊಳ್ಳಬಹುದು. ಸ್ಪೇನಿನ ವೈಮಾನಿಕ ಹೊಸೆ ಲೂಯಿಸ್ ಅರೆಸ್ತಿ ರೂಪಿಸಿದ ಕಸರತ್ತಿನ ಚಿಹ್ನೆಗಳಲ್ಲಿ ಸಹಜ ಹಾರಾಟಕ್ಕೆ ಅಖಂಡ ಗೆರೆ, ಮಗುಚಿದ ಹಾರಾಟಕ್ಕೆ ತುಂಡುಗೆರೆ ಇರುತ್ತದೆ. ಗೆರೆಯಲ್ಲಿ ಇರುವ ಈ ಸ್ಪಷ್ಟತೆ ನಮ್ಮ ಮಾತಿನಲ್ಲಿಯೂ ಬರಬೇಕೆಂಬುದು ನನ್ನ ಆಸೆ.

‘ಬೋರಲು’ ಎಂಬುದನ್ನೂ ಯೋಚಿಸಿದೆ. ಪಾತ್ರೆಯನ್ನಾಗಲಿ ದಡದ ಮೇಲಿನ ದೋಣಿಯನ್ನಾಗಲಿ ಬೋರಲು ಹಾಕಿದೆವೆಂದರೆ ಅದರ ಬಾಯಿ ಕೆಳಗಾಯಿತು ಎಂದರ್ಥ. ಮನುಷ್ಯ ಬೋರಲು ಮಲಗಿದನೆಂದರೆ ಹೊಟ್ಟೆ ಕೆಳಗಾಯಿತು, ಬೆನ್ನು ಮೇಲಾಯಿತು. ವಿಮಾನಕ್ಕೆ ಮೂಗು, ಹೊಟ್ಟೆ, ಬೆನ್ನು, ಬಾಲ ಎಂದು ಜೀವಿಯ ಅಂಗಗಳನ್ನೇ ಹೇಳುವ ನಾವು ಬೋರಲು ಎಂದರೆ ಅದು ಸಹಜ ಹಾರಾಟವನ್ನೇ ಸೂಚಿಸಿಬಿಡುತ್ತದೆ. ಆದ್ದರಿಂದ ಇದನ್ನು ಕೈಬಿಟ್ಟೆ.

ನನ್ನ ಒಲವು ‘ಅಂಗಾತ’ದ ಕಡೆಗೆ. ಹೊಳೆಯಲ್ಲಿ ಅಂಗಾತ ಈಜುವವನ ಬೆನ್ನು ಕೆಳಗಿರುತ್ತದೆ, ಮುಖ ಆಕಾಶಕ್ಕಿರುತ್ತದೆ, ಮೈ ತಲೆಯ ದಿಕ್ಕಿಗೆ ಸಾಗುತ್ತಿರುತ್ತದೆ. ವಿಮಾನದ ಸ್ಥಿತಿಯೂ ನಿಖರವಾಗಿ ಇದೇ. ಆ ಸ್ಥಿತಿಗೆ ಬರುವ ಕ್ರಿಯೆಗೆ ‘ಮಗುಚು’ ಇದೆ. ದೋಣಿ ಮಗುಚುವಾಗ ಅದು ತನ್ನ ಉದ್ದದ ಅಕ್ಷದ ಸುತ್ತಲೇ ಹೊರಳುವುದರಿಂದ ಅರ್ಧ ಸುತ್ತಿನ ಹೊರಳಿಕೆಗೆ ಕರಾವಳಿಯ ಓದುಗರಿಗೆ ಇದಕ್ಕಿಂತ ಹತ್ತಿರದ ಮಾತು ಸಿಗಲಾರದು. ‘ವಿಮಾನವನ್ನು ಮಗುಚಿ, ಅಂಗಾತ ಹಾರಿಸಿ’ ಎಂದು ಬರೆದರೆ ಕ್ರಿಯೆಯೂ ಸ್ಥಿತಿಯೂ ಬೇರೆಬೇರೆಯಾಗಿ ನಿಲ್ಲುತ್ತವೆ.

ವಿನ್ಯಾಸದ ಅಧ್ಯಾಯವಿಡೀ ಈ ಪದದ ಮೇಲೆಯೇ ನಿಂತಿದೆ. ಕಲಿಕೆಯ ವಿಮಾನದ ರೆಕ್ಕೆ ಸಾಮಾನ್ಯವಾಗಿ ಕೆಳಗೆ ಚಪ್ಪಟೆ, ಮೇಲೆ ಉಬ್ಬು. ಅಂಗಾತವಾದಾಗ ಅದೇ ರೆಕ್ಕೆ ಭಾರ ಹೊರಲು ಹೆಚ್ಚು ಕೋನದಲ್ಲಿ ಗಾಳಿಗೆ ಎದುರಾಗಬೇಕಾಗುತ್ತದೆ. ಕಸರತ್ತಿನ ವಿಮಾನದ ರೆಕ್ಕೆಗೆ ಮೇಲೂ ಕೆಳಗೂ ಒಂದೇ ಉಬ್ಬು ಇರುತ್ತದೆ. ರೆಕ್ಕೆಯನ್ನೂ ಬಾಲದ ಅಡ್ಡಪಟ್ಟಿಯನ್ನೂ ಒಡಲಿನ ಗೆರೆಗೆ ಹೆಚ್ಚುಕಡಿಮೆ ಸೊನ್ನೆ ಕೋನದಲ್ಲಿ ಕೂರಿಸುತ್ತಾರೆ. ಕಲಿಕೆಯ ವಿಮಾನದ ರೆಕ್ಕೆಯ ತುದಿಗಳು ಮೇಲಕ್ಕೆ ಎತ್ತಿರುವುದರಿಂದ ಅದು ತಾನಾಗಿ ಸಮತೋಲಕ್ಕೆ ಮರಳುತ್ತದೆ, ಅಂಗಾತವಾದಾಗ ಆ ಎತ್ತರವೇ ಅದನ್ನು ಮತ್ತೆ ಹೊರಳಿಸಲು ನೋಡುತ್ತದೆ. ತೂಕದ ಬಿಂದುವನ್ನು, ಅಂದರೆ ಬೆರಳ ಮೇಲಿಟ್ಟರೆ ವಿಮಾನ ಸಮವಾಗಿ ನಿಲ್ಲುವ ಜಾಗವನ್ನು, ಮೊದಲ ಹಾರಾಟಕ್ಕೆ ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ ಅಳೆದು ಅದರ ಸರಾಸರಿ ಅಗಲದ 25ರಿಂದ 33 ಶೇಕಡಾದೊಳಗೆ ಇಟ್ಟುಕೊಳ್ಳುವುದು ವಾಡಿಕೆ. ಅದನ್ನು ಹದಗೊಳಿಸುವ ಪರೀಕ್ಷೆಯೂ ಅಂಗಾತ ಹಾರಾಟದ್ದೇ: ವಿಮಾನವನ್ನು 45 ಡಿಗ್ರಿ ಏರಿಸಿ, ಮಗುಚಿ, ಕಡ್ಡಿಯಿಂದ ಕೈ ಸಡಿಲಿಸಿದಾಗ ಮೂಗು ಬೇಗನೆ ನೆಲದತ್ತ ಬಾಗಿದರೆ ಮೂಗು ಭಾರವಾಗಿದೆ ಎಂದು ತಿಳಿದು ಬ್ಯಾಟರಿಯನ್ನು ಸ್ವಲ್ಪ ಹಿಂದಕ್ಕೆ ಸರಿಸುತ್ತಾರೆ. ಇದನ್ನು ‘ತಲೆಕೆಳಗು ಪರೀಕ್ಷೆ’ ಎಂದು ಬರೆಯಲು ನನಗೆ ಮನಸ್ಸಿಲ್ಲ.

ಸಿರ್ಸಿಯ ಹಿರಿಯರೊಬ್ಬರು ಒಂದು ಆಕ್ಷೇಪ ಎತ್ತಿದರು. ಕುಸ್ತಿಯಲ್ಲಿ ಅಂಗಾತ ಬಿದ್ದವನು ಸೋತವನು, ಹಾಗಾಗಿ ಆ ಪದಕ್ಕೆ ಅಸಹಾಯಕತೆಯ ನೆರಳಿದೆ ಎಂಬುದು ಅವರ ಅಭಿಪ್ರಾಯ. ಮಾತು ತೂಕದ್ದೇ. ಆದರೆ ಆ ಸೋಲು ‘ಬೀಳು’ ಎಂಬ ಕ್ರಿಯಾಪದದಿಂದ ಬಂದದ್ದು, ‘ಅಂಗಾತ ಈಜಿದ’ ಎನ್ನುವಾಗ ಅದು ಕಾಣುವುದಿಲ್ಲ ಎಂದು ನನಗೆ ತೋರುತ್ತದೆ.

ಬಲ್ಲವರಲ್ಲಿ ನನ್ನ ವಿನಂತಿ ಇಷ್ಟು. ‘ಅಂಗಾತ’ವನ್ನು ಮನುಷ್ಯರಲ್ಲದೆ ಹಕ್ಕಿ, ಮೀನು, ದೋಣಿಗಳಿಗೂ ಬಳಸುವುದನ್ನು ನಿಮ್ಮ ಕಡೆ ಕೇಳಿದ್ದೀರಾ? ‘ಅಂಗಾತ ಹಾರಾಟ’ ಎಂಬ ಜೋಡಣೆ ಕಿವಿಗೆ ಹಿತವೋ, ಇಲ್ಲ ‘ಅಂಗಾತವಾದ ಹಾರಾಟ’ ಎಂದೇ ಬಿಡಿಸಿ ಬರೆಯಬೇಕೋ? ಹೊನ್ನಾವರ, ಕುಮಟಾ, ಅಂಕೋಲೆಯ ಮೀನುಗಾರರ ಮಾತಿನಲ್ಲಿ ಬೆನ್ನು ಕೆಳಗಾಗಿ ತೇಲುವುದಕ್ಕೆ ಬೇರೆ ಪದವಿದ್ದರೆ ಅದನ್ನು, ಬಳಸುವ ಒಂದು ಪೂರ್ಣ ವಾಕ್ಯದ ಸಮೇತ, ದಯವಿಟ್ಟು ತಿಳಿಸಿ.